ಹತ್ತನೆಯವಳು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ನಾಲ್ಕು ತಿಂಗಳು ಕಳೆದರೂ, ಈ ಮಾತನ್ನು ಎಷ್ಟು ಜನರಿಗೆ ಹೇಳಿದರೂ ನನಗೆ ಸಾಕಾಗುವುದಿಲ್ಲ. ಹಾಲು ಅಳೆಯುವವನಿಗೆ ಹೇಳಿದೆ, ಕರೆಂಟ್ ಬಿಲ್ ಕೊಡಲು ಬಂದವನನ್ನು ಜಗುಲಿಯಲ್ಲಿ ಕೂರಿಸಿ ಹೇಳಿದೆ. ಜಯಪುರದ ಸಂತೆಯಲ್ಲಿ ಬದನೆಕಾಯಿ ಮಾರುವವಳು, ಹೋದ ವಾರವೂ ಇದನ್ನೇ ಹೇಳಿದ್ದಿರಿ, ಕಾಯಿ ಎಷ್ಟು ಕೊಡಲಿ ಎಂದು ಕೇಳಿದಳು. ಕೂಸು ಆಕಳಿಸಿದರೆ ನಾವು ಮನೆಯವರೆಲ್ಲ ಒಲೆ ಮೇಲಿನದ್ದನ್ನು ಬಿಟ್ಟು ನೋಡಲು ಓಡುತ್ತೇವೆ. ಅವಳ ಅಂಗಾಲು ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದ, ಅಷ್ಟೇ. ಅದನ್ನು ಕೆನ್ನೆಗೆ ಒತ್ತಿಕೊಂಡರೆ ನನ್ನ ಮಂಡಿನೋವು ಎಲ್ಲಿ ಹೋಗುತ್ತದೋ ಗೊತ್ತಿಲ್ಲ.

ಇಷ್ಟು ಸಂತೋಷ ಇಟ್ಟುಕೊಂಡು ಬರೆಯಲು ಕೂತರೆ ಸಂತೋಷವನ್ನೇ ಬರೆಯಬೇಕು. ಆದರೆ ಪೆನ್ನು ಹಿಡಿದ ಕೂಡಲೇ ಬರುವುದು ನಾಚಿಕೆ. ಈ ಕೂಸು ಹೊಟ್ಟೆಯಲ್ಲಿದ್ದಾಗ ಇದರ ತಾಯಿಯ ಕೆಲಸ ಹೋಯಿತು. ಹೋದದ್ದು ನನ್ನ ಬಾಯಿಂದ. ಸಿಗುವ ಹಾಗಾದಾಗ ಮತ್ತೆ ತಪ್ಪಿಹೋದದ್ದೂ ನನ್ನ ಬಾಯಿಂದಲೇ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದನ್ನು ಸೊಸೆ ತಿದ್ದಿಕೊಡುತ್ತಾಳೆ. ಅಕ್ಷರ ತಿದ್ದು, ನನ್ನನ್ನು ಒಳ್ಳೆಯವಳನ್ನಾಗಿ ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ನಮ್ಮದು ಜಯಪುರದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ, ಕೈ ತೋರಿಸಿದರೆ ಮಾತ್ರ ಬಸ್ಸು ನಿಲ್ಲುವ ಊರು. ಮಗ ಬಸರೀಕಟ್ಟೆ ಕಡೆಯ ಎಸ್ಟೇಟುಗಳಿಗೆ ಆಳುಗಳನ್ನು ಸಾಗಿಸುವ ಜೀಪು ಓಡಿಸುತ್ತಾನೆ. ಸೊಸೆ ಶೃಂಗೇರಿಯ ಒಂದು ಲಾಡ್ಜಿನ ಕೌಂಟರಿನಲ್ಲಿ ಕೂರುತ್ತಾಳೆ. ಬಂದ ಯಾತ್ರಿಕರ ಆಧಾರ್ ಕಾರ್ಡು ನೋಡಿ, ಕೀ ಕೊಟ್ಟು, ಬಿಸಿನೀರು ಎಷ್ಟು ಹೊತ್ತಿನವರೆಗೆ ಬರುತ್ತದೆ ಎಂದು ಹೇಳುವ ಕೆಲಸ. ತಮಿಳಿನವರು ಬಂದರೆ ತಮಿಳು, ಆಂಧ್ರದವರು ಬಂದರೆ ತೆಲುಗು, ಅಲ್ಲೇ ಕೂತು ಕಲಿತಳು. ಯಾರ ಶಿಫಾರಸೂ ಇಲ್ಲದೆ ತಾನೇ ಹೋಗಿ ಕೇಳಿ ಪಡೆದ ಕೆಲಸವೆಂದು ಅವಳಿಗೆ ಅದರ ಮೇಲೆ ಒಂದು ತೂಕ ಹೆಚ್ಚು ಪ್ರೀತಿ.

ಅದೇ ಲಾಡ್ಜಿನ ಹಿಂಬದಿಯಲ್ಲಿ ನಾನೂ ಇದ್ದೆ. ರೂಮುಗಳ ಬೆಡ್‌ಶೀಟು, ದಿಂಬಿನ ಕವರು ಒಗೆದು, ತಾರಸಿಯಲ್ಲಿ ಒಣಗಿಸಿ, ಮಡಚಿ ಇಡುವುದು. ಮಿಷನ್ ಇದೆ. ಆದರೆ ತಲೆಗೆ ಹಾಕಿದ ಎಣ್ಣೆ, ಹಣೆಯ ಕುಂಕುಮ ಬಟ್ಟೆಗೆ ಹತ್ತಿದರೆ ಮಿಷನ್ನಿಗೆ ಬಗ್ಗುವುದಿಲ್ಲ, ಕೈಯಲ್ಲೇ ತಿಕ್ಕಬೇಕು. ಸೊಸೆ ಮರೆತುಹೋದ ಊಟದ ಡಬ್ಬಿ ಕೊಡಲೆಂದು ಒಂದು ದಿನ ಹೋದವಳು, ಒಗೆಯುವವಳು ಬಂದಿಲ್ಲವೆಂದು ಕೈ ಹಾಕಿದೆ. ಹಾಕಿದ ಕೈ ಮತ್ತೆ ತೆಗೆಯಲಿಲ್ಲ.

ಊರಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ನಮ್ಮದು ಕೆಲಸಕ್ಕೆ ಕರೆಯುವ ಮನೆ, ಕೆಲಸಕ್ಕೆ ಹೋಗುವ ಮನೆಯಲ್ಲ. ನಾನು ಮದುವೆಯಾಗಿ ಬಂದಾಗ ನನ್ನ ಅತ್ತೆ ಕಲಿಸಿದ ಪಾಠ ಅದು. ಆಗ ನಟ್ಟಿಗೆ, ಕೊಯ್ಲಿಗೆ ನಾವು ಆಳು ಕರೆಯುತ್ತಿದ್ದೆವು. ಈಗ ಅರ್ಧ ಗದ್ದೆ ಬೀಳು ಬಿದ್ದಿದೆ, ಕರೆದರೆ ಬರುವವರೂ ಇಲ್ಲ. ಗತ್ತು ಮಾತ್ರ ಹಾಗೇ ಉಳಿದಿದೆ. ಸೊಸೆ ಕೌಂಟರಿನಲ್ಲಿ ಕೂತರೆ ಅದು ಆಫೀಸು ಕೆಲಸ, ಹೇಳಿಕೊಳ್ಳಬಹುದು. ನಾನು ಪರರ ಹೊದಿಕೆ ಒಗೆದರೆ ಅದು ಕೂಲಿ. ಅದಕ್ಕೆ ನಾನು ದೇವಸ್ಥಾನಕ್ಕೆ ಹೋಗುತ್ತೇನೆ ಎಂದು ಹೇಳುತ್ತಿದ್ದೆ.

ಜನ ನಂಬಿದರು. ದಿನಾ ಬೆಳಗ್ಗೆ ಬಸ್ಸು ಹತ್ತಿ ಶೃಂಗೇರಿಗೆ ಹೋಗುವ ವಯಸ್ಸಾದ ಹೆಂಗಸು ಮತ್ತೆಲ್ಲಿಗೆ ಹೋಗುತ್ತಾಳೆ? ಬಸ್ಸಿನಲ್ಲಿ ನನಗೆ ಸೀಟು ಬಿಟ್ಟುಕೊಡುತ್ತಿದ್ದರು. ಪುಣ್ಯವಂತೆ ಎನ್ನುತ್ತಿದ್ದರು. ಮಗಳಿಗೆ ಗಂಡು ಕೂಡಿಬರಲಿ ಎಂದು, ಮಗ ಪಾಸಾಗಲಿ ಎಂದು, ನಮ್ಮ ಹೆಸರಲ್ಲೂ ಒಂದು ಕೈ ಮುಗಿಯಿರಿ ಎನ್ನುತ್ತಿದ್ದರು. ಸಂಜೆ ಕೆಲಸ ಮುಗಿಸಿ ಒದ್ದೆ ಸೆರಗಿನಲ್ಲೇ ಓಡಿಹೋಗಿ ಕುಂಕುಮ ಪ್ರಸಾದ ತಂದು ಹಂಚುತ್ತಿದ್ದೆ. ಸೋಪಿನ ನೀರಿಗೆ ಸುಕ್ಕಾಗಿ ಬೆಳ್ಳಗಾದ ನನ್ನ ಕೈ ನೋಡಿ ಪಕ್ಕದ ಮನೆಯಾಕೆ, ಹೊಳೆಯಲ್ಲಿ ಬಹಳ ಹೊತ್ತು ಸ್ನಾನ ಮಾಡುತ್ತೀರೋ ಏನೋ ಎಂದಳು. ನಾನು ಹೌದೆಂದೆ.

ಲಾಡ್ಜಿನ ಯಜಮಾನರಿಗೂ ಇದು ಅನುಕೂಲವೇ ಆಗಿತ್ತು. ಉಳಿದವರು ತಿಂಗಳ ಕೊನೆಗೆ ಸಹಿ ಹಾಕಿ ಸಂಬಳ ತೆಗೆದುಕೊಂಡರೆ, ನನಗೆ ಮಾತ್ರ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು ಇಟ್ಟು ಅದರಡಿ ನೋಟು ಇಟ್ಟು ಕೊಡುತ್ತಿದ್ದರು. ನೀವು ನಮ್ಮ ಮನೆಯವರ ಹಾಗೆ ಅಮ್ಮ, ಸಂಬಳ ಎಂದು ಕೊಟ್ಟರೆ ಚೆನ್ನಾಗಿರುವುದಿಲ್ಲ ಎನ್ನುತ್ತಿದ್ದರು. ನಾನು ಬಾಗಿನ ತೆಗೆದುಕೊಳ್ಳುವ ಹಾಗೆ ಸೆರಗು ಒಡ್ಡಿ ತೆಗೆದುಕೊಳ್ಳುತ್ತಿದ್ದೆ. ಮನಸ್ಸಿಗೆ ಹಿತವಾಗುತ್ತಿತ್ತು. ಸುಳ್ಳು ಹೇಳಬಾರದು, ಬಹಳ ಹಿತವಾಗುತ್ತಿತ್ತು.

ಮದುವೆಯಾಗಿ ವರ್ಷಗಳೇ ಕಳೆದು, ನಾನು ಕೇಳುವುದನ್ನೂ ಬಿಟ್ಟಿದ್ದ ಕಾಲದಲ್ಲಿ ಸೊಸೆ ಬಸುರಿಯಾದಳು. ನನಗೆ ಹೇಳಿದ ದಿನವೇ ಒಂದು ಮಾತು ಕೇಳಿಕೊಂಡಳು. ಲಾಡ್ಜಿನಲ್ಲಿ ಯಾರಿಗೂ ಈಗಲೇ ಹೇಳಬೇಡಿ, ನವರಾತ್ರಿಯ ಗಡಿಬಿಡಿ ಕಳೆಯಲಿ, ನಾನೇ ಬರೆದುಕೊಟ್ಟು ರಜೆ ಕೇಳುತ್ತೇನೆ ಎಂದಳು. ಅವಳು ಯಾಕೆ ಹಾಗೆ ಹೇಳಿದಳೆಂದು ನನಗೆ ತಿಳಿಯದ್ದೇನಲ್ಲ. ಹಿಂದಿನ ವರ್ಷ ರೂಮು ಗುಡಿಸುವ ಒಬ್ಬಳಿಗೆ ಹೊಟ್ಟೆ ಕಾಣತೊಡಗಿದಾಗ, ಸ್ವಲ್ಪ ದಿನ ರೆಸ್ಟ್ ತೆಗೆದುಕೋ ಎಂದು ಕಳಿಸಿದವರು ಮತ್ತೆ ಕರೆದಿರಲಿಲ್ಲ. ನಾನೇ ಕಣ್ಣಾರೆ ಕಂಡದ್ದು.

ಒಂದು ವಾರ ಬಾಯಿ ಕಟ್ಟಿಕೊಂಡಿದ್ದೆ. ಆಮೇಲೆ ಆಗಲಿಲ್ಲ. ಅಕ್ಕಿ ನೆನೆಹಾಕಿ, ಕಾಯಿ ತುರಿದು ರುಬ್ಬಿ, ಬೆಲ್ಲ ಹಾಕಿ ಮಗುಚಿ, ಒಂದು ದೊಡ್ಡ ಡಬ್ಬಿ ತುಂಬ ಹಾಲುಬಾಯಿ ಮಾಡಿಕೊಂಡು ಹೋದೆ. ಸೊಸೆಗೆ ಅಂದು ವಾರದ ರಜೆ. ಯಾಕೆ ಸ್ವೀಟು ಎಂದು ಕೇಳಿದವರಿಗೆಲ್ಲ ಹೇಳಿದೆ. ರೂಮು ಗುಡಿಸುವವರಿಗೆ, ಕಾವಲಿನವನಿಗೆ, ಕೊನೆಗೆ ಯಜಮಾನರ ಟೇಬಲ್ಲಿಗೇ ತಟ್ಟೆ ಹಿಡಿದುಕೊಂಡು ಹೋಗಿ ಹೇಳಿದೆ. ಅವರು ಎರಡು ತುಂಡು ತಿಂದರು, ಬಹಳ ಚೆನ್ನಾಗಿದೆ ಅಂದರು. ಸಂಜೆ ನನ್ನನ್ನು ಕರೆಸಿದರು.

“ಅಮ್ಮ, ಅಷ್ಟು ವರ್ಷದ ಮೇಲೆ ಆಗಿದ್ದು. ಕೌಂಟರಲ್ಲಿ ಕೂತ್ರೆ ದಿನಾ ನೂರು ಜನರ ಕಣ್ಣು. ದೃಷ್ಟಿ ಆಗ್ತದೆ. ನಾಳೆಯಿಂದ ಮನೇಲೇ ಆರಾಮಾಗಿರ್ಲಿ. ಹೆರಿಗೆ ಎಲ್ಲ ಆದ್ಮೇಲೆ ನೋಡಾಣ.”

ದೃಷ್ಟಿಯ ಮಾತು ಬಂದ ಕೂಡಲೇ ನನ್ನ ಬುದ್ಧಿ ನಿಂತುಹೋಯಿತು. ಹೌದಲ್ಲ, ಎಂತೆಂಥ ಊರಿನ ಎಂತೆಂಥ ಕಣ್ಣುಗಳು, ಇದು ನನಗೇ ಹೊಳೆಯಲಿಲ್ಲವಲ್ಲ ಎಂದುಕೊಂಡೆ. ಹೆತ್ತ ತಂದೆಯೂ ಇಷ್ಟು ಯೋಚನೆ ಮಾಡುವುದಿಲ್ಲ ಎಂದು ಅವರಿಗೆ ಎರಡೂ ಕೈ ಮುಗಿದು ಬಂದೆ. ಮನೆಗೆ ಬಂದು ಸೊಸೆಗೆ ಅದನ್ನು ಒಳ್ಳೆಯ ಸುದ್ದಿಯ ಹಾಗೆ ಹೇಳಿದೆ. ಅವಳು ಬಟಾಣಿ ಬಿಡಿಸುತ್ತಿದ್ದಳು. ಬಿಡಿಸಿದ್ದನ್ನು ಪಾತ್ರೆಗೆ ಹಾಕಿ, ಸಿಪ್ಪೆ ಒಟ್ಟುಮಾಡಿ, ಎದ್ದು ಕೈ ತೊಳೆದು ಬಂದಳು.

“ನನ್ನ ಕೆಲಸ ತೆಗೆದ್ರು ಅತ್ತೆ. ನೀವು ಅವ್ರಿಗೆ ಕೈ ಮುಗ್ದು ಬಂದ್ರಿ.”

ಇಷ್ಟೇ ಹೇಳಿದ್ದು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಮಾರನೆಯ ದಿನ ಅವಳು ಎಂದಿನಂತೆ ಹೊರಟುಹೋದಳು. ಕೌಂಟರಿನಲ್ಲಿ ಯಜಮಾನರ ಅಳಿಯನ ತಮ್ಮ ಕೂತಿದ್ದನಂತೆ. ಅವಳನ್ನು ಒಳಗೆ ಕೂರಿಸಿ, ಕಾಫಿ ಕೊಟ್ಟು, ಬಹಳ ಮರ್ಯಾದೆಯಿಂದ ಮನೆಗೆ ಕಳಿಸಿದರಂತೆ. ನಾನು ಮಾತ್ರ ಒಗೆಯಲು ಹೋಗುತ್ತಲೇ ಇದ್ದೆ. ಬಿಟ್ಟುಬಿಡಲೇ ಎಂದು ಕೇಳಿದ್ದಕ್ಕೆ ಸೊಸೆಯೇ ಬೇಡವೆಂದಳು. ಇಬ್ಬರೂ ಮನೆಯಲ್ಲಿ ಕೂತರೆ ನಡೆಯುವುದು ಕಷ್ಟ ಎಂದಳು.

ತಾಯಿ ಕಾರ್ಡು ಮಾಡಿಸಲು ಬಂದ ಆಶಾ ಕಾರ್ಯಕರ್ತೆ, ಸಂಬಳದ ರಜೆ ಯಾವಾಗಿನಿಂದ ಎಂದು ಸೊಸೆಯನ್ನು ಕೇಳಿದಳು. ಇವಳು ನಡೆದದ್ದನ್ನು ಹೇಳಿದಳು. ಬಸುರಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗೇ ಇಲ್ಲ, ಆರು ತಿಂಗಳು ಸಂಬಳ ಕೊಟ್ಟು ರಜೆ ಕೊಡಬೇಕು, ಮತ್ತೆ ಅದೇ ಕೆಲಸಕ್ಕೆ ತೆಗೆದುಕೊಳ್ಳಬೇಕು, ಕಾನೂನಿದೆ, ಕೊಪ್ಪದ ಲೇಬರ್ ಆಫೀಸಿಗೆ ಹೋಗು ಎಂದಳು ಆಕೆ. ನಾನು ಒಳಗೆ ಅವಲಕ್ಕಿ ಕಲೆಸುತ್ತಾ ಕೇಳಿಸಿಕೊಂಡೆ. ಕೊಲೆಗೆ, ಕಳ್ಳತನಕ್ಕೆ ಕಾನೂನು ಇರುತ್ತದೆ ಎಂದು ಗೊತ್ತಿತ್ತು. ಬಸುರಿಗೂ ಇರುತ್ತದೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಹಾಲುಬಾಯಿ ತಟ್ಟೆ ಹಿಡಿದು ಯಜಮಾನರ ಮುಂದೆ ಸ್ವಲ್ಪ ನೇರ ನಿಂತಿರುತ್ತಿದ್ದೆನೋ ಏನೋ.

ಸೊಸೆ ಕೊಪ್ಪಕ್ಕೆ ಹೋಗಿ ದೂರು ಕೊಟ್ಟಳು. ಸ್ವಲ್ಪ ದಿನದಲ್ಲಿ ಅಲ್ಲಿಂದ ಅಧಿಕಾರಿ ಲಾಡ್ಜಿಗೆ ಬಂದರು. ಹೆಣ್ಣುಮಗಳು, ಹತ್ತಿ ಸೀರೆ, ಹೆಗಲಿಗೆ ಚೀಲ. ಯಾತ್ರಿಕರಲ್ಲಿ ಒಬ್ಬರೆಂದೇ ಎಲ್ಲರೂ ತಿಳಿದಿದ್ದರು.

ನನ್ನ ಹಣೆಬರಹ ನೋಡಿ, ಅದೇ ದಿನ ನರಸಿಂಹರಾಜಪುರದ ಕಡೆಯ ನನ್ನ ವಾರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ, ಮೊಮ್ಮಗನಿಗೆ ಅಕ್ಷರಾಭ್ಯಾಸ ಮಾಡಿಸಲೆಂದು ಬಂದು ಅದೇ ಲಾಡ್ಜಿನಲ್ಲಿ ಇಳಿದಿದ್ದಳು. ಇಡೀ ಬಳಗದಲ್ಲಿ ಒಂದು ಮಾತು ಹರಡಬೇಕಾದರೆ ಅವಳಿಗೆ ಹೇಳಿದರೆ ಸಾಕು. ತಾರಸಿಯಲ್ಲಿ ಮೊಮ್ಮಗನ ಚಡ್ಡಿ ಒಣಹಾಕಲು ಅವಳು ಮೆಟ್ಟಿಲು ಹತ್ತುವುದನ್ನು ಕಂಡೆ. ಒಣಹಾಕಿದ ಬೆಡ್‌ಶೀಟುಗಳ ಸಾಲಿನ ಹಿಂದೆ ನುಗ್ಗಿ, ಉಸಿರು ಹಿಡಿದು ಕುಕ್ಕರುಗಾಲಿನಲ್ಲಿ ಕೂತೆ. ಮೊಮ್ಮಗುವನ್ನು ಕಾಣುವ ವಯಸ್ಸಿನಲ್ಲಿ ಕಣ್ಣಾಮುಚ್ಚಾಲೆ.

ಬೆಡ್‌ಶೀಟು ಸರಿಸಿ ನೋಡಿದ್ದು ವಾರಗಿತ್ತಿಯಲ್ಲ, ಆ ಅಧಿಕಾರಿ. ಹಿಂದೆಯೇ ಯಜಮಾನರು ನಿಂತಿದ್ದರು. ವಾರಗಿತ್ತಿ ಆಚೆ ಕಡೆಯ ತಂತಿಯ ಹತ್ತಿರ ಚಡ್ಡಿಗೆ ಕ್ಲಿಪ್ಪು ಹಾಕುತ್ತಾ ಇತ್ತಲೇ ತಿರುಗಿದಳು.

“ನೀವು ಇಲ್ಲಿ ಕೆಲಸ ಮಾಡ್ತೀರಾ ಅಮ್ಮ?”

ಯಜಮಾನರು, ಇವರು ನಮ್ಮ ಮನೆಯವರ ಹಾಗೆ ಎಂದು ಶುರುಮಾಡಿದರು. ಅಧಿಕಾರಿ ಅವರನ್ನು ತಡೆದು, ಅವರೇ ಹೇಳಲಿ ಎಂದರು. ನನ್ನ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿದ್ದೆ. ಕುರುಡನಿಗೂ ತಿಳಿಯುವಂತಿತ್ತು.

“ಇಲ್ಲ ತಾಯಿ. ನಾನು ದೇವಸ್ಥಾನಕ್ಕೆ ಬಂದವ್ಳು. ಗುರ್ತಿನವ್ರು ಅಂತ ಸುಮ್ನೆ ಒಂದು ಕೈ ಹಾಕ್ದೆ.”

ಅವರು ನನ್ನನ್ನು ಒಂದು ಗಳಿಗೆ ನೋಡಿ, ಸರಿ ಎಂದು ಇಳಿದುಹೋದರು. ವಾರಗಿತ್ತಿ ಓಡಿ ಬಂದು, ಅಕ್ಕ ನೀವೂ ಬಂದಿದ್ದೀರಾ, ದರ್ಶನ ಆಯಿತಾ ಎಂದಳು. ಬಹಳ ಚೆನ್ನಾಗಿ ಆಯಿತು ಎಂದೆ.

ನಾನು ಮಾಡಿದ್ದೇನು ಎಂದು ತಿಳಿದದ್ದು ಸೊಸೆಯನ್ನು ಮತ್ತೆ ಕೊಪ್ಪಕ್ಕೆ ಕರೆಸಿದ ಮೇಲೆ. ಆ ಕಾನೂನು ಹಿಡಿಯಬೇಕಾದರೆ ಹತ್ತು ಜನ ಕೆಲಸಕ್ಕಿರಬೇಕಂತೆ. ಅವಳ ಜಾಗಕ್ಕೆ ಬಂದವನನ್ನು ಬಿಟ್ಟು, ಲಾಡ್ಜಿನಲ್ಲಿ ಸಿಕ್ಕಿದ್ದು ಸೊಸೆ ಸೇರಿ ಒಂಬತ್ತು. ಅವಳು ಮನೆಗೆ ಬಂದು ಚಪ್ಪಲಿ ಬಿಟ್ಟು, ನೀರು ಕುಡಿದು ಇದನ್ನು ಹೇಳಿದಳು. ಬಟ್ಟೆ ಒಗೆಯುವವರು ಇದ್ದಾರಲ್ಲ ಮೇಡಂ ಎಂದು ಅವಳು ಕೇಳಿದಳಂತೆ. ಇಲ್ಲವೆಂದು ಅವರೇ ಹೇಳಿದರು ಎಂದು ಅಧಿಕಾರಿ ಹೇಳಿದರಂತೆ. ಅವರು ನನ್ನ ಅತ್ತೆ ಎಂದು ಹೇಳಲು ತನಗೆ ಬಾಯಿ ಬರಲಿಲ್ಲ ಎಂದಳು.

ಅಂದು ಅವಳು ನನಗೆ ಊಟ ಬಡಿಸಿದಳು. ಎಂದಿನ ಹಾಗೆ ತುಪ್ಪವನ್ನೂ ಹಾಕಿದಳು. ನನ್ನ ಮನೆತನದ ಗತ್ತು ಉಳಿಯಿತು, ಅವಳ ಕೆಲಸ ಹೋಯಿತು. ಅವಳ ಹೊಟ್ಟೆಯಲ್ಲಿದ್ದದ್ದು ಯಾವ ಮನೆತನದ ಕೂಸು?

ಮಗ ವಿಷಯ ತಿಳಿದು, ಹೋಗಲಿ ಬಿಡಿ, ಈಗ ಎಲ್ಲರ ಎದುರು ಅಮ್ಮ ಬಟ್ಟೆ ಒಗೆಯುತ್ತಾಳೆ ಎಂದು ಹೇಳಿಕೊಂಡು ತಿರುಗಬೇಕಾ ಎಂದ. ಅವನ ಬಾಯಲ್ಲಿ ನನ್ನ ಅತ್ತೆಯ ಮಾತು ಕೇಳಿದ ಹಾಗಾಯಿತು. ಅದನ್ನು ಅವನಿಗೆ ಕಲಿಸಿದವಳೂ ನಾನೇ. ನಾಳೆ ಕೊಪ್ಪಕ್ಕೆ ನಾನೂ ಬರುತ್ತೇನೆ ಎಂದು ಸೊಸೆಗೆ ಹೇಳಿದೆ. ಅವಳು ನನ್ನ ಮುಖ ನೋಡಿದಳು, ನಂಬಿದ ಹಾಗೆ ಕಾಣಲಿಲ್ಲ.

ಬಸ್ಸಿಗೆ ನಾವು ರಸ್ತೆಯ ಈಚೆ ಬದಿಯಲ್ಲಿ ನಿಂತೆವು, ಜಯಪುರ ಕೊಪ್ಪದ ಕಡೆಗೆ. ದಿನಾ ಆಚೆ ಬದಿಯಲ್ಲಿ ನಿಲ್ಲುವ ನನ್ನನ್ನು ಕಂಡು ಪಕ್ಕದ ಮನೆಯಾಕೆಗೆ ಆಶ್ಚರ್ಯ. ಬಸ್ಸು ಹತ್ತಿದ ಮೇಲೂ ಬಿಡಲಿಲ್ಲ. ಹಿಂದಿನ ಸೀಟಿನಿಂದ ಬಗ್ಗಿ ಕೇಳಿದಳು.

“ಎಂತ ಅಮ್ಮ, ಇವತ್ತು ದೇವಸ್ಥಾನ ಇಲ್ವಾ?”

ಸೊಸೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಮತ್ತೊಂದು ಸುಳ್ಳನ್ನು ಕೇಳಿಸಿಕೊಳ್ಳಲಾರೆ ಎನ್ನುವ ಹಾಗಿತ್ತು ಆ ತಿರುಗಿದ ಕುತ್ತಿಗೆ.

“ನಾನು ದೇವಸ್ಥಾನಕ್ಕೆ ಹೋಗ್ತಿದ್ದಿದ್ದಲ್ಲ ಮಾರಾಯ್ತಿ,” ಎಂದೆ. “ಲಾಡ್ಜಿಗೆ. ಅಲ್ಲಿ ಬಟ್ಟೆ ಒಗೆಯೋ ಕೆಲ್ಸ ನಂದು.”

ಇಂಜಿನ್ನಿನ ಸದ್ದಿಗೆ ಅವಳಿಗೆ ಸರಿಯಾಗಿ ಕೇಳಲಿಲ್ಲ. ಏನಂದಿರಿ ಎಂದಳು. ನಾಚಿಕೆಯ ಮಾತನ್ನು ಒಂದು ಸಲ ಹೇಳುವುದು ಹೇಗೋ ಆಗುತ್ತದೆ, ಎರಡನೆಯ ಸಲ ಗಟ್ಟಿಯಾಗಿ ಹೇಳಬೇಕಾದರೆ ಹೊಟ್ಟೆಯ ತಳದಿಂದ ಎತ್ತಬೇಕು. ಎತ್ತಿ ಹೇಳಿದೆ. ಕಂಡಕ್ಟರನೂ ತಿರುಗಿ ನೋಡಿದ. ನಾನು ತಂದುಕೊಟ್ಟ ಕುಂಕುಮವನ್ನು ಮಗಳ ಹಣೆಗೆ ಹಚ್ಚಿದವಳು ಅವಳು. ಅದು ನಿಜವಾದ ಪ್ರಸಾದ, ಅದರಲ್ಲಿ ಮೋಸ ಇಲ್ಲ ಎಂದು ಕೂಡ ಹೇಳಿದೆ. ಅವಳು, ಅಯ್ಯೋ ಅದಕ್ಕೇನು, ಎಂದು ಸೀಟಿಗೆ ಒರಗಿದಳು. ಜಯಪುರ ಬರುವವರೆಗೂ ನನ್ನ ಕಿವಿ ಬಿಸಿಯಾಗಿತ್ತು. ಎಲ್ಲೋ ನಡುವೆ ಸೊಸೆ ನನ್ನ ಕೈ ಮೇಲೆ ಕೈ ಇಟ್ಟಿದ್ದಳು. ಯಾವಾಗ ಇಟ್ಟಳೋ ತಿಳಿಯಲಿಲ್ಲ.

ಆಫೀಸಿನಲ್ಲಿ ಆ ಅಧಿಕಾರಿ ನನ್ನನ್ನು ಗುರುತು ಹಿಡಿದರು. ಅಂದು ಇಲ್ಲ ಎಂದವರು ಇಂದು ಹೌದು ಎನ್ನುತ್ತಿದ್ದೀರಲ್ಲ, ಯಾವುದನ್ನು ನಂಬಲಿ ಎಂದು ಕೇಳಿದರು. ನ್ಯಾಯವಾದ ಮಾತೇ. ತಲೆ ತಗ್ಗಿಸಿ, ಅಂದು ನಾಚಿಕೆಯಾಗಿ ಸುಳ್ಳು ಹೇಳಿದೆ ಎಂದೆ. ತಟ್ಟೆಯಲ್ಲಿ ಕೊಡುತ್ತಿದ್ದುದನ್ನು ಹೇಳಿದೆ. ಅದು ಸಂಬಳವೋ ಉಡುಗೊರೆಯೋ ನನಗೆ ಗೊತ್ತಿಲ್ಲ, ಎರಡರಲ್ಲಿ ಯಾವುದಾದರೂ ಇರಬಹುದು ಎಂದೂ ಹೇಳಿಬಿಟ್ಟೆ. ಸೊಸೆ ಮೆಲ್ಲಗೆ ಹಣೆ ಒತ್ತಿಕೊಂಡಳು.

ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದರು:

“ಒಂದು ದಿನ ಹೋಗ್ಲಿಕ್ಕೆ ಆಗ್ಲಿಲ್ಲ ಅಂದ್ರೆ ಎಂತ ಮಾಡ್ತಿದ್ರಿ?”

“ಹಿಂದಿನ ದಿನವೇ ಯಜಮಾನ್ರನ್ನ ಕೇಳ್ತಿದ್ದೆ.”

“ಅವ್ರು ಬೇಡ ಅಂದ್ರೆ?”

“ಹೋಗ್ತಿದ್ದೆ. ಜ್ವರ ಇದ್ದಾಗ್ಲೂ ಹೋಗಿದೀನಿ.”

“ಉಡುಗೊರೆ ಕೊಡೋರ ಹತ್ರ ಯಾರೂ ರಜೆ ಕೇಳಲ್ಲ ಅಮ್ಮ,” ಎಂದು ಅವರು ಬರೆದುಕೊಳ್ಳತೊಡಗಿದರು. ರೂಮು ಗುಡಿಸುವ ಇಬ್ಬರ ಹೇಳಿಕೆಯನ್ನೂ ತೆಗೆದುಕೊಳ್ಳುತ್ತೇನೆ ಎಂದರು. ನನಗೆ ಓದಿ ಹೇಳಿ ಸಹಿ ಹಾಕಿಸಿಕೊಂಡರು. ಬಟ್ಟೆ ಒಗೆಯುವ ಕೆಲಸಗಾರ್ತಿ ಎಂದಿತ್ತು. ನನ್ನ ಹೆಸರನ್ನು ನಾನೇ ಬರೆದೆ, ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿತು.

ಆಮೇಲೆ ಯಜಮಾನರನ್ನು ಕರೆಸಿದರು. ಅವರು ಕೆಟ್ಟವರೇನಲ್ಲ. ಎಲ್ಲ ಲಾಡ್ಜಿನಲ್ಲೂ ನಡೆಯುವುದೇ ಇದು ಎಂದು ಅಲ್ಲಿ ಹೇಳಿದರಂತೆ. ಹತ್ತನೆಯವಳು ನಾನೇ ಎಂದು ಅವರಿಗೆ ತಿಳಿದ ದಿನ ಅವರ ಮುಖ ನೋಡಲು ನನಗೆ ಆಗಲಿಲ್ಲ. ಅವರ ಉಪ್ಪು ತಿಂದು ಹೀಗೆ ಮಾಡಿದೆನಲ್ಲ ಎಂದು ಆ ಕಡೆಯ ನಾಚಿಕೆಯೂ ಸೇರಿತು. ತಿಂದದ್ದು ಉಪ್ಪಲ್ಲ ಅತ್ತೆ, ದುಡಿದದ್ದು ಎಂದು ಸೊಸೆ ಹೇಳುತ್ತಾಳೆ. ಅವಳು ಹೇಳುವುದು ಸರಿ. ಆದರೂ ಬುದ್ಧಿ ಒಪ್ಪಿದ್ದನ್ನು ಮನಸ್ಸು ಒಪ್ಪಲು ಬಹಳ ಕಾಲ ಬೇಕು. ಅವರು ಈಗ ನನ್ನನ್ನು ಮನೆಯವರ ಹಾಗೆ ಎನ್ನುವುದಿಲ್ಲ. ಸಂಬಳ ಬ್ಯಾಂಕಿಗೆ ಬರತೊಡಗಿತು. ಲೆಕ್ಕ ಹತ್ತಾಗಿ ಕಾನೂನು ಹಿಡಿಯಿತು, ಸೊಸೆ ಕೌಂಟರಿಗೆ ಮರಳಿದಳು, ಎಂಟನೇ ತಿಂಗಳಿನಲ್ಲಿ ಬರೆದುಕೊಟ್ಟು ರಜೆ ತೆಗೆದುಕೊಂಡಳು, ಸಂಬಳ ನಿಲ್ಲಲಿಲ್ಲ.

ಕೊಪ್ಪದ ಆಸ್ಪತ್ರೆಯಲ್ಲಿ ಕೂಸು ಹುಟ್ಟಿತು. ನರ್ಸು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಾಗ ನಾನು ಅಳುತ್ತಾ ನಗುತ್ತಾ ಏನೇನೋ ಹೇಳಿದೆನಂತೆ, ವಾರ್ಡಿನವರೆಲ್ಲ ನಕ್ಕರಂತೆ. ನಾಮಕರಣಕ್ಕೆ ವಾರಗಿತ್ತಿ ಬಂದಳು. ತೊಟ್ಟಿಲ ಬಟ್ಟೆಯನ್ನು ಮುಟ್ಟಿ ನೋಡಿ, ಎಷ್ಟು ಬೆಳ್ಳಗಿದೆ ಅಕ್ಕ, ಕಲಿತವರ ಕೈಯಲ್ಲಿ ಒಗೆದರೆ ಹೀಗೇ ನೋಡಿ, ಎಂದು ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿದಳು. ಚುಚ್ಚಿತು. ಕೂಸು ಅವಳ ಮಡಿಲಲ್ಲಿ ಉಚ್ಚೆ ಹೊಯ್ದು ನನ್ನ ಮಾನ ಉಳಿಸಿತು.

ಕೂಸನ್ನು ನೋಡಿಕೊಳ್ಳಲೆಂದು ನಾನು ಕೆಲಸ ಬಿಟ್ಟೆ. ಹೇಳಿ, ಬರೆದುಕೊಟ್ಟು ಬಿಟ್ಟೆ. ರಜೆ ಮುಗಿದು ಸೊಸೆ ಮೊನ್ನೆ ಮೊದಲ ದಿನ ಕೆಲಸಕ್ಕೆ ಹೊರಟಳು. ಕೂಸನ್ನು ಎತ್ತಿಕೊಂಡು ಬಸ್ಸಿನ ತನಕ ನಾನೂ ಹೋದೆ. ಅದು ತಾಯಿಯ ಬ್ಯಾಗಿನ ಪಟ್ಟಿ ಹಿಡಿದುಕೊಂಡು ಬಿಡಲಿಲ್ಲ, ತುಟಿ ಹೊರಳಿಸಿ ಅಳತೊಡಗಿತು.

“ಇನ್ನೂ ಸ್ವಲ್ಪ ದಿನ ಮನೇಲೇ ಆರಾಮಾಗಿರ್ಬಾರ್ದಿತ್ತೇನೆ,” ಎಂದುಬಿಟ್ಟೆ.

ಹೇಳಿದ ಮೇಲೆ ಕೇಳಿಸಿತು, ಅದು ಯಾರ ಮಾತು ಎಂದು. ಇಷ್ಟೆಲ್ಲ ಆದ ಮೇಲೂ ನನ್ನ ಬಾಯಲ್ಲಿ ಅದೇ. ಎಲ್ಲಿ ನೋಡಲಿ ಎಂದು ತಿಳಿಯದೆ ಕೂಸಿನ ಟೋಪಿಯ ದಾರ ಬಿಚ್ಚಿ ಕಟ್ಟಿದೆ.

ಸೊಸೆ ಕೂಸಿನ ಬೆರಳುಗಳನ್ನು ಒಂದೊಂದಾಗಿ ಪಟ್ಟಿಯಿಂದ ಬಿಡಿಸುತ್ತಿದ್ದಳು.

“ಯಜಮಾನ್ರ ಎದ್ರಿಗೆ ಮಾತ್ರ ಇದನ್ನ ಹೇಳ್ಬೇಡಿ ಅತ್ತೆ,” ಎಂದಳು. “ಪಾಪ, ಕಷ್ಟಪಟ್ಟು ಮರೀತಾ ಇದಾರೆ.”

ಬಸ್ಸು ಬಂತು. ಅವಳು ಹತ್ತಿ, ಒಳಗಿನಿಂದ ಕೈ ಬೀಸಿದಳು. ನಾನು ಕೂಸಿನ ಕೈ ಹಿಡಿದು ಬೀಸಿಸಿದೆ. ಅದು ಅಳುವುದನ್ನು ನಿಲ್ಲಿಸಿ ಬಸ್ಸನ್ನೇ ನೋಡಿತು. ಸಂಜೆ ಬರುತ್ತಾಳೆ, ಕೆಲಸ ಮುಗಿಸಿ ಬರುತ್ತಾಳೆ ಎಂದು ಅದಕ್ಕೆ ಹೇಳುತ್ತಾ ಮನೆಯ ಕಡೆ ನಡೆದೆ.